ಉಳಿತಾಯ ಬಜೆಟ್ಟಿನ ನಗರಸಭೆ: ತೆರಿಗೆದಾರನೊಬ್ಬನ ವಿಮರ್ಶೆ

ನಮ್ಮದು 50 ಸಾವಿರ ಜನಸಂಖ್ಯೆಯನ್ನು ದಾಟಿದ, 3 ಲಕ್ಷವನ್ನು ಮುಟ್ಟದ ಊರಾದ್ದರಿಂದ ಕಾನೂನಿನ ಪ್ರಕಾರ ಇಲ್ಲಿರುವುದು ನಗರಸಭೆ. ಏಪ್ರಿಲ್ ಕೊನೆಯ ವಾರ ಆಸ್ತಿ ತೆರಿಗೆ ಕಟ್ಟಲು ಅಲ್ಲಿಗೆ ಹೋಗಿ ಸರದಿಯಲ್ಲಿ ನಿಂತಿದ್ದಾಗ ಕೌಂಟರಿನ ಪಕ್ಕದ ಮೇಜಿನ ಮೇಲೆ ಆ ವರ್ಷದ ಆಯವ್ಯಯ ಪುಸ್ತಿಕೆ ಕಾಣಿಸಿತು. ಮುಂದೆ ನಿಂತಿದ್ದ ಹಿರಿಯರ ಹಳೆಯ ರಸೀದಿಗಳನ್ನು ಗುಮಾಸ್ತರು ಒಂದೊಂದಾಗಿ ತಾಳೆ ನೋಡುತ್ತಿದ್ದ ಅರ್ಧ ಗಂಟೆಯಲ್ಲಿ ನಾನು ಅದರ ಬಹುಪಾಲು ಪುಟಗಳನ್ನು ಓದಿದೆ. ಈ ವಿಮರ್ಶೆ ಆ ಕೌಂಟರಿನ ಸೇವೆಯ ಬಗ್ಗೆಯೂ ಹೌದು, ಅಲ್ಲಿ ಕೊಟ್ಟ ಹಣಕ್ಕೆ ಪ್ರತಿಯಾಗಿ ವರ್ಷವಿಡೀ ನನ್ನ ಮನೆ ಬಾಗಿಲಿಗೆ ಬರುವ, ಅಥವಾ ಬಾರದ, ಸೇವೆಯ ಬಗ್ಗೆಯೂ ಹೌದು.

ಕೌಂಟರಿನ ಮಟ್ಟಿಗೆ ದೂರಲು ಹೆಚ್ಚೇನೂ ಇಲ್ಲ. ಆಸ್ತಿಯ ಗುರುತಿನ ಸಂಖ್ಯೆ (ಪಿಐಡಿ) ಹೇಳಿದರೆ ಚಲನ್ ಮುದ್ರಣವಾಗಿ ಕೈಗೆ ಬರುತ್ತದೆ. ಏಪ್ರಿಲ್‌ನಲ್ಲಿ ಕಟ್ಟುವವರಿಗೆ ಶೇ 5ರ ರಿಯಾಯಿತಿ ಸಿಗುತ್ತದೆ, ಜೂನ್ ದಾಟಿದರೆ ತಿಂಗಳಿಗೆ ಶೇ 2ರ ದಂಡ ಬೀಳುತ್ತದೆ. ಎರಡನ್ನೂ ಗೋಡೆಯ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದಾರೆ. ಆದರೆ ಚಲನ್ ಅನ್ನು ಮಡಚಿ ಜೇಬಿಗೆ ಹಾಕಿಕೊಳ್ಳುವ ಮುನ್ನ ಮೂಲ ತೆರಿಗೆಯ ಕೆಳಗಿನ ಸಾಲುಗಳನ್ನೂ ಒಮ್ಮೆ ನೋಡಬೇಕು. ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಪುನರ್ವಸತಿಗೆಂದು ಹಾಕುವ ಭಿಕ್ಷುಕರ ಕರ ಶೇ 3. ಮೂಲ ತೆರಿಗೆ 4,000 ರೂಪಾಯಿ ಎಂದಿಟ್ಟುಕೊಂಡರೆ ಈ ಮೂರೇ ಸೇರಿ 960 ರೂಪಾಯಿಯಾಗುತ್ತದೆ, ಮತ್ತು ಇದರಲ್ಲಿ ಯಾವುದೂ ನಗರಸಭೆಯ ಸ್ವಂತ ಹಣವಲ್ಲ. ವಸೂಲು ಮಾಡಿ ಬೇರೆ ಇಲಾಖೆಗಳಿಗೆ ದಾಟಿಸಬೇಕಾದ ಹಣ. ಹೀಗೆ ದಾಟಿಸಬೇಕಾದುದನ್ನು ಸ್ಥಳೀಯ ಸಂಸ್ಥೆಗಳು ಬಾಕಿ ಉಳಿಸಿಕೊಳ್ಳುತ್ತವೆ ಎಂಬುದು ಗ್ರಂಥಾಲಯಗಳ ಕಡೆಯಿಂದ ಬಹುಕಾಲದಿಂದ ಕೇಳಿಬರುತ್ತಿರುವ ದೂರು. ಕೈ ಬಿಗಿಯಾದಾಗ ಹತ್ತಿರದಲ್ಲಿರುವ ಡಬ್ಬಿಗೇ ಕೈ ಹಾಕುವ ಅಭ್ಯಾಸ ಮನೆಗಳಲ್ಲಿ ಮಾತ್ರ ಇರುವುದಲ್ಲ.

ಕೈ ಬಿಗಿಯಾದದ್ದು ಇಂದು ನಿನ್ನೆಯಲ್ಲ. 1979ರವರೆಗೆ ಕರ್ನಾಟಕದ ಊರುಗಳಿಗೆ ಆಕ್ಟ್ರಾಯಿ ಎಂಬ ಸ್ವಂತ ಆದಾಯವಿತ್ತು. ಊರ ಬಾಯಲ್ಲಿ ನಾಕಾ, ಅಲ್ಲೊಂದು ಅಡ್ಡಗಂಬ, ಒಳಬರುವ ಸರಕಿನ ಮೇಲೆ ಸುಂಕ. ಗಾಡಿಗಳನ್ನು ಗಂಟೆಗಟ್ಟಲೆ ನಿಲ್ಲಿಸುತ್ತಿದ್ದ, ಲಂಚಕ್ಕೆ ದಾರಿ ಮಾಡಿಕೊಟ್ಟಿದ್ದ ವ್ಯವಸ್ಥೆ ಅದು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅದು ಹೋಗಿದ್ದಕ್ಕೆ ನಾನು ಮರುಗುವವನಲ್ಲ. ಆದರೆ ಊರಿನ ವ್ಯಾಪಾರ ಬೆಳೆದಂತೆ ಊರಿನ ಬೊಕ್ಕಸವೂ ತಾನಾಗಿ ಬೆಳೆಯುತ್ತಿದ್ದ ತೆರಿಗೆ ಅದೊಂದೇ ಆಗಿತ್ತು. ಅದರ ಜಾಗಕ್ಕೆ ಬಂದ ಪ್ರವೇಶ ತೆರಿಗೆ ರಾಜ್ಯದ ಖಜಾನೆಗೆ ಸೇರಿತು, ಊರುಗಳಿಗೆ ಪರಿಹಾರದ ಅನುದಾನ ಬಂತು, ಮುಂದೆ ಅದು ರಾಜ್ಯ ಹಣಕಾಸು ಆಯೋಗದ ಅನುದಾನದೊಳಗೆ ಬೆರೆತುಹೋಯಿತು. ಮುಂಬೈ ಮಹಾನಗರಪಾಲಿಕೆ 2017ರಲ್ಲಿ ಜಿಎಸ್‌ಟಿಗಾಗಿ ಆಕ್ಟ್ರಾಯಿಯನ್ನು ಬಿಟ್ಟುಕೊಡುವಾಗ ವರ್ಷಕ್ಕೆ ಶೇ 8ರಂತೆ ಬೆಳೆಯುವ ಪರಿಹಾರವನ್ನು ಕಾನೂನಿನಲ್ಲೇ ಬರೆಸಿಕೊಂಡಿತು. ದೊಡ್ಡ ನಗರಕ್ಕೆ ಹಾಗೆ ಪಟ್ಟು ಹಿಡಿಯುವ ಬಲವಿತ್ತು.

ಅದೇ ಜಿಎಸ್‌ಟಿ ಸಂದರ್ಭದಲ್ಲಿ, ಸಂವಿಧಾನದ 101ನೇ ತಿದ್ದುಪಡಿಯು ಜಾಹೀರಾತು ತೆರಿಗೆಯ ಬಾಬನ್ನು ರಾಜ್ಯಪಟ್ಟಿಯಿಂದಲೇ, ಅಂದರೆ ರಾಜ್ಯಗಳ ಅಧಿಕಾರದಲ್ಲಿರುವ ವಿಷಯಗಳ ಪಟ್ಟಿಯಿಂದಲೇ, ಕೈಬಿಟ್ಟಿತು. ಬಸ್ ನಿಲ್ದಾಣದ ಎದುರಿನ ದೊಡ್ಡ ಫಲಕಗಳಿಂದ ಬರುತ್ತಿದ್ದುದು ಸಣ್ಣ ಮೊತ್ತವೇ ಇರಬಹುದು, ಆದರೆ ಅದು ಸ್ವಂತದ್ದು. ಈಗ ಉಳಿದಿರುವುದು ಪರವಾನಗಿ ಶುಲ್ಕ ಮಾತ್ರ.

ಇಷ್ಟೆಲ್ಲ ಕಳೆದುಕೊಂಡ ಮೇಲೂ ಪುಸ್ತಿಕೆಯ ಮೊದಲ ಪುಟದಲ್ಲಿ ಇದ್ದದ್ದು ‘ಉಳಿತಾಯ ಬಜೆಟ್’ ಎಂಬ ಪದವೇ. ಅದನ್ನು ಸಾಧಿಸುವ ಬಗೆ ಒಳಪುಟಗಳಲ್ಲಿದೆ. ಹಿಂದಿನ ವರ್ಷದಿಂದ ಉಳಿದುಬಂದ ಪ್ರಾರಂಭಿಕ ಶಿಲ್ಕನ್ನು ಸೇರಿಸಿಕೊಂಡು, ಹಳೆಯ ತೆರಿಗೆ ಬಾಕಿಯಲ್ಲಿ ಬಹುಪಾಲು ಈ ವರ್ಷವೇ ವಸೂಲಾಗುತ್ತದೆಂದು ಬರೆದು, ಇನ್ನೂ ಬಾರದ ಅನುದಾನವನ್ನು ಬಂದೇ ಬರುತ್ತದೆಂದು ಹಿಡಿದರೆ ಯಾವ ಊರಿನ ಬಜೆಟ್ಟಿನಲ್ಲಾದರೂ ಕೆಲವು ಲಕ್ಷ ಉಳಿಯುತ್ತದೆ. ಅಸಾಧಾರಣ ಸ್ವೀಕೃತಿ ಎಂಬ ಶೀರ್ಷಿಕೆಯಡಿ ಮೇಲೆ ಹೇಳಿದ ಕರಗಳೂ ಗುತ್ತಿಗೆದಾರರ ಠೇವಣಿಗಳೂ ಬಂದು ಕೂರುವುದರಿಂದ ಬಜೆಟ್ಟಿನ ಗಾತ್ರವೂ ಹಿಗ್ಗಿ ಕಾಣುತ್ತದೆ. ಖರ್ಚಿನ ಪುಟಗಳಲ್ಲಿ ಪೌರಾಯುಕ್ತರಾಗಲಿ ಸದಸ್ಯರಾಗಲಿ ಸ್ವಂತ ಬುದ್ಧಿಯಿಂದ ಬದಲಿಸಬಹುದಾದ ಸಾಲುಗಳು ಕಡಿಮೆ. ಕೇಂದ್ರದ 15ನೇ ಹಣಕಾಸು ಆಯೋಗದ (2021–26) ಹಣದಲ್ಲಿ ನಮ್ಮಂಥ ಊರುಗಳಿಗೆ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದಿತ್ತು. ಸ್ವಂತ ಆದಾಯದಲ್ಲಿ ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಎಂದು ತೆಗೆದಿಡುವ ಮೊತ್ತಗಳಿವೆ, ಇರಲೇಬೇಕಾದ್ದೂ ಹೌದು. ವೇತನವಿದೆ, ಪಂಪು ಮತ್ತು ಬೀದಿ ದೀಪಗಳ ವಿದ್ಯುತ್ ಬಿಲ್ಲಿದೆ. ಹೀಗಾಗಿ ಕತ್ತರಿ ಬೀಳುವುದು ದುರಸ್ತಿಯ ಮೇಲೆ, ಏಕೆಂದರೆ ಮಾಡದೆ ಬಿಟ್ಟ ದುರಸ್ತಿ ಆ ವರ್ಷದ ಲೆಕ್ಕದಲ್ಲಿ ಎಲ್ಲೂ ನಷ್ಟವೆಂದು ದಾಖಲಾಗುವುದಿಲ್ಲ.

ಅದು ದಾಖಲಾಗುವುದು ನಮ್ಮ ಬೀದಿಯಲ್ಲಿ. ಕಸದ ಆಟೊ ಟಿಪ್ಪರ್ ಬೆಳಗ್ಗೆ ತಪ್ಪದೆ ಬರುತ್ತದೆ, ಅದನ್ನು ಮೆಚ್ಚಲೇಬೇಕು. 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಮಾನದಂಡ ಕಾಗದದಲ್ಲಿದ್ದರೂ ನಮ್ಮ ವಾರ್ಡಿನ ಉದ್ದದ ಬೀದಿಗಳನ್ನೆಲ್ಲ ಗುಡಿಸುವ ಇಬ್ಬರು ಹೆಣ್ಣುಮಕ್ಕಳು ಅದನ್ನು ಮೀರಿ ದುಡಿಯುತ್ತಾರೆ. ಮೂಲೆಮನೆಯ ಎದುರು ಚರಂಡಿಯ ಮೇಲಿನ ಕಡಪಾ ಚಪ್ಪಡಿ ಮುರಿದು ಎರಡು ಮಳೆಗಾಲ ಕಳೆದಿವೆ. ಅರ್ಜಿ ಕೊಟ್ಟೆ, ಸ್ವೀಕೃತಿ ಮೊಹರು ಬಿತ್ತು, ಕಿರಿಯ ಎಂಜಿನಿಯರ್ ಬಂದು ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದರು. ಮೊನ್ನೆ ವಿಚಾರಿಸಿದಾಗ, ‘ಸರ್, ಎಸ್ಟಿಮೇಟ್ ರೆಡಿ ಇದೆ, ಸ್ವಂತ ನಿಧಿಯಲ್ಲಿ ಹಣ ಇಲ್ಲ, ಅನುದಾನ ಬಂದ ಮೇಲೆ ಪ್ಯಾಕೇಜಿನಲ್ಲಿ ಸೇರಿಸ್ತೀವಿ’ ಎಂದರು. ಒಂದು ಚಪ್ಪಡಿಗೆ ಹಲವು ಕಾಮಗಾರಿಗಳನ್ನು ಕಟ್ಟಿದ ಪ್ಯಾಕೇಜ್! ಅಲ್ಲಿಯವರೆಗೆ ಯಾರೋ ಆ ಗುಂಡಿಯಲ್ಲಿ ಹೊಂಗೆಯ ಕೊಂಬೆಯೊಂದನ್ನು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ, ಆ ಬಟ್ಟೆಯೂ ಈಗ ಬಿಳಿಚಿಕೊಂಡಿದೆ.

ಆದಾಯದ ಕಡೆಯಿಂದ ಹೊರೆ ಬಿದ್ದಿರುವುದು ಮನೆ ಉಳ್ಳವರ ಮೇಲೆ. ಆಸ್ತಿ ತೆರಿಗೆ ಈಗ ವರ್ಷವರ್ಷವೂ ಶೇ 3ರಿಂದ 5ರಷ್ಟು ಏರುತ್ತದೆ. ಅದರ ಮೇಲೆ ನೀರಿನ ಕರ, ಒಳಚರಂಡಿ ಶುಲ್ಕ, ಕಸದ ಶುಲ್ಕ. ಏರಿಕೆಯನ್ನು ನಾನು ವಿರೋಧಿಸುವುದಿಲ್ಲ, ವರ್ಷಗಟ್ಟಲೆ ಮುಟ್ಟದೆ ಬಿಟ್ಟು ಒಮ್ಮೆಲೇ ಏರಿಸುವುದಕ್ಕಿಂತ ಇದೇ ಮೇಲು. ನನ್ನ ತಕರಾರು ನಗರಸಭೆಯ ಸ್ವಂತ ಮಳಿಗೆಗಳ ಕುರಿತು. ಬಸ್ ನಿಲ್ದಾಣದ ಪಕ್ಕದ ಸಾಲಿನಲ್ಲಿ ಗುತ್ತಿಗೆಯ ಅವಧಿ ಮುಗಿದರೂ ಹಳೆಯ ಬಾಡಿಗೆಗೇ ಮುಂದುವರಿದವರಿದ್ದಾರೆ, ಪಡೆದ ಮಳಿಗೆಯನ್ನು ಒಳಬಾಡಿಗೆಗೆ ಕೊಟ್ಟು ತಾವು ಮನೆಯಲ್ಲಿ ಕುಳಿತವರೂ ಇದ್ದಾರೆ. ಮರುಹರಾಜಿನ ಮಾತು ಪ್ರತಿ ಬಜೆಟ್ ಭಾಷಣದಲ್ಲೂ ಬರುತ್ತದೆ. ನನ್ನ ತೆರಿಗೆ ಜುಲೈ ಒಂದಕ್ಕೆ ದಂಡ ಕಾಣುವಾಗ ಆ ಬಾಡಿಗೆಯ ಬಾಕಿಗೆ ಆ ಅವಸರ ಯಾಕಿಲ್ಲ ಎಂದು ಕೌಂಟರಿನಲ್ಲಿ ಕೇಳಿದೆ. ಗುಮಾಸ್ತರು ನಕ್ಕು ಚಲನ್‌ಗೆ ಮೊಹರು ಒತ್ತಿದರು.

ಕೌಂಟರಿಗೆ ಐದರಲ್ಲಿ ನಾಲ್ಕು ಅಂಕ, ಕಸದ ವಾಹನಕ್ಕೆ ನಾಲ್ಕು, ಬೀದಿಯ ದುರಸ್ತಿಗೆ ಒಂದು, ಪುಸ್ತಿಕೆಗೆ ಎರಡು. ಆ ಎರಡೂ ಅದನ್ನು ಬೀಗ ಹಾಕದೆ ಮೇಜಿನ ಮೇಲೆ ಇಟ್ಟದ್ದಕ್ಕೆ. ಬಜೆಟ್ಟಿಗೆ ಮುಂಚೆ ಸಾರ್ವಜನಿಕರನ್ನು ಕರೆದು ನಡೆಸುವ ಪೂರ್ವಭಾವಿ ಸಭೆಗೆ ಕಳೆದ ಬಾರಿ ನಾನು ಹೋಗಿದ್ದಾಗ ಕುರ್ಚಿಗಳೇ ಹೆಚ್ಚಿದ್ದವು. ಈ ಬಾರಿ ಬರಿಗೈಯಲ್ಲಿ ಹೋಗುವುದು ಬೇಡವೆಂದು, ಮಳಿಗೆವಾರು ಬಾಡಿಗೆ ಬಾಕಿಯ ಪಟ್ಟಿಯನ್ನು ಕೇಳಿ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಕೊಟ್ಟು ಬಂದಿದ್ದೇನೆ. ಉತ್ತರಕ್ಕೆ 30 ದಿನಗಳ ಗಡುವಿದೆ.