ಶುಗರ್ ಇರೋರ ಕಾಲಿನ ರಕ್ತ ಓಡಾಟದ ಚೆಕಪ್, ಅಪ್ಪಂಗೆ ಮಾಡ್ಸಿದ ಅನುಭವ

ಅಪ್ಪಂಗೆ 67 ವರ್ಷ, ಶುಗರ್ ಬಂದು 16 ವರ್ಷ ಆಯ್ತು. ಹೋದ ವರ್ಷದಿಂದ ಹಾಲಿನ ಬೂತಿಗೆ ಹೋಗೋ ದಾರೀಲಿ ಅರ್ಧಕ್ಕೇ ನಿಂತ್ಕೊಳ್ಳೋಕೆ ಶುರು ಮಾಡಿದ್ರು, ಮೀನಖಂಡ ಕಲ್ಲಿನ ಥರ ಬಿಗಿಯತ್ತೆ ಅಂತಾರೆ, ಯಾರದ್ದೋ ಕಾಂಪೌಂಡ್ ಹಿಡ್ಕೊಂಡು ಎರಡು ನಿಮಿಷ ನಿಂತ್ರೆ ಹೋಗತ್ತೆ, ಮತ್ತೆ ನಡೆದ್ರೆ ಸರಿಯಾಗಿ ಅಷ್ಟೇ ದೂರಕ್ಕೆ ಮತ್ತೆ ಬರತ್ತೆ. ವಯಸ್ಸಾಯ್ತಲ್ಲ ಅಂತ ಅಮ್ಮ ಎಣ್ಣೆ ತಿಕ್ಕಿದ್ರು, ನಾವೂ ಸುಮ್ನಾದ್ವಿ. ಸುಮ್ನಾಗಿದ್ದು ತಪ್ಪು, ಅದಕ್ಕೇ ಬರೀತಿದೀನಿ.

ಮೊದಲು ಒಂದು ಕಡೆ ಫುಲ್ ಬಾಡಿ ಚೆಕಪ್ ಮಾಡ್ಸಿದ್ವಿ. ಅಲ್ಲಿ ಎಬಿಐ ಅಂತ ಮಾಡ್ತಾರೆ, ಅಂದ್ರೆ ಕಾಲಿನ ಗಿಣ್ಣಿನ ಹತ್ರದ ಬಿಪಿನ ಕೈ ಬಿಪಿಯಿಂದ ಭಾಗಿಸೋದು. 0.9 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಕಾಲಿನ ರಕ್ತನಾಳ ಕಟ್ಕೊಂಡಿದೆ ಅಂತ ಲೆಕ್ಕ. ಅಪ್ಪಂದು 1.46 ಬಂತು, ಕಡಿಮೆ ಇಲ್ವಲ್ಲ ಚೆನ್ನಾಗಿದೆ ಅಂತ ಬರೆದು ಕಳ್ಸಿದ್ರು.

ಆಮೇಲೆ ಹೋಗಿದ್ದು ಶುಗರ್ ಇರೋರ ಪಾದ ನೋಡೋ ಈ ಕ್ಲಿನಿಕ್ಕಿಗೆ. ಡಾಪ್ಲರ್ ಅನ್ನೋ ಮೆಷಿನಲ್ಲಿ ರಕ್ತ ಓಡೋ ಸದ್ದು ಕೇಳ್ಸ್ಕೊಂಡು ಬಿಪಿ ನೋಡಿದ ಹುಡುಗಿಗೂ ಅದೇ ಥರ ನಂಬರ್ ಬಂತು, ಕೈಯಲ್ಲಿ 140, ಕಾಲಲ್ಲಿ 204. ಆದ್ರೆ ಅವಳು ಅಷ್ಟಕ್ಕೇ ಬಿಡ್ಲಿಲ್ಲ, ‘ಅಂಕಲ್, ಇದು 1.4 ದಾಟಿದೆ, ಇದನ್ನ ನಂಬಕ್ಕಾಗಲ್ಲ, ಬೆರಳಲ್ಲಿ ನೋಡ್ತೀನಿ’ ಅಂತ ಕಾಲಿನ ಹೆಬ್ಬೆರಳಿಗೆ ಪುಟ್ಟ ಬಿಪಿ ಪಟ್ಟಿ ಸುತ್ತಿದ್ಲು. ಬಂದಿದ್ದು 74, ಕೈಯ 140ರಿಂದ ಭಾಗಿಸಿದ್ರೆ 0.53. ಅಲ್ಲಿ 0.7 ಆದ್ರೂ ಇರ್ಬೇಕಂತೆ. ವರ್ಷಗಟ್ಲೆ ಶುಗರ್ ಇದ್ರೆ ರಕ್ತನಾಳದ ಗೋಡೇಲಿ ಕ್ಯಾಲ್ಸಿಯಂ ಕೂತು ಗಟ್ಟಿಯಾಗತ್ತೆ, ಪಟ್ಟಿ ಎಷ್ಟು ಬಿಗಿದ್ರೂ ಅಮುಕಲ್ಲ, ಅದಕ್ಕೇ ಒಳಗೆ ರಕ್ತ ಕಡಿಮೆ ಇದ್ರೂ ನಂಬರ್ ಜಾಸ್ತಿ ತೋರ್ಸತ್ತೆ, ಬೆರಳಿನ ನಾಳ ಸಾಮಾನ್ಯವಾಗಿ ಹಂಗೆ ಗಟ್ಟಿಯಾಗಲ್ಲ. ಈ ಒಂದು ಟೆಸ್ಟಿಗೇ ನಾನು ಕೊಟ್ಟ ದುಡ್ಡು ಸಾರ್ಥಕ ಆಯ್ತು.

ಡಾಕ್ಟರು ಅವಸರ ಮಾಡ್ದೆ ಕೂತು ಹೇಳಿದ್ರು. ಕೂತಾಗ ಕಾಲಿನ ಸ್ನಾಯುಗೆ ಸ್ವಲ್ಪ ಆಕ್ಸಿಜನ್ ಸಾಕು, ನಡೆಯುವಾಗ ಎಷ್ಟೋ ಪಟ್ಟು ಬೇಕು, ಆಗ ನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಹೊರಬಿಟ್ಟು ನಾಳ ಅಗಲ ಆಗ್ಬೇಕು, ಶುಗರ್ ಇರೋರಲ್ಲಿ ಅದು ಸರಿಯಾಗಿ ಆಗಲ್ಲ. ಇನ್ನೊಂದು ವಿಷಯ ನಂಗೆ ಗೊತ್ತೇ ಇರ್ಲಿಲ್ಲ, ಬಂದ ಆಕ್ಸಿಜನ್ನ ಬಳಸಿ ಸ್ನಾಯುವಿನ ಕಣದೊಳಗೆ ಶಕ್ತಿ ಮಾಡೋ ಮೈಟೋಕಾಂಡ್ರಿಯಾನೂ ಮಂಕಾಗಿರತ್ತಂತೆ, ಅದಕ್ಕೇ ನಿಂತ ಮೇಲೂ ಸ್ನಾಯು ಚೇತರಿಸ್ಕೊಳ್ಳೋಕೆ ಹೊತ್ತು ಹಿಡಿಯತ್ತೆ. ‘ಒಲೆ ತುಂಬ ಸೌದೆ ಇದೆ ಯಜಮಾನ್ರೇ, ಊದುಗೊಳವೆ ಕಟ್ಕೊಂಡಿದೆ, ಒಲೆನೂ ಸೋತಿದೆ’ ಅಂದ್ರು. ಅಪ್ಪಂಗೆ ಅದು ತಕ್ಷಣ ಅರ್ಥ ಆಯ್ತು. ‘ಹಂಗಾದ್ರೆ ನಡೆಯೋದು ಬಿಟ್ಬಿಡ್ಲಾ ಡಾಕ್ಟ್ರೇ?’

ಬಿಡ್ಬೇಡಿ, ನಡೆಯೋದೇ ಔಷಧಿ ಅಂದ್ರು. ನೋವು ಜೋರಾಗೋವರೆಗೂ ನಡೆದು, ನಿಂತು, ಪೂರ್ತಿ ಹೋದ್ಮೇಲೆ ಮತ್ತೆ ನಡೀಬೇಕು, ಹಿಂಗೆ 30ರಿಂದ 45 ನಿಮಿಷ, ವಾರಕ್ಕೆ 3 ದಿನ, ಕಡಿಮೆ ಅಂದ್ರೂ 12 ವಾರ. ಕಟ್ಕೊಂಡ ನಾಳ ಇದರಿಂದ ತೆರ್ಕೊಳ್ಳಲ್ಲ, ಆದ್ರೆ ಸಿಕ್ಕ ಆಕ್ಸಿಜನ್ನ ಚೆನ್ನಾಗಿ ಬಳಸೋದನ್ನ ಸ್ನಾಯು ಕಲಿಯತ್ತೆ. ಜೊತೆಗೆ ಮಾತ್ರೆ ಇದೆ, ಎಂಸಿಆರ್ ಅನ್ನೋ ಮೆತ್ತನೆ ರಬ್ಬರಿನ ಚಪ್ಪಲಿ ಕೊಟ್ರು, ಬೀಡಿ ಪೂರ್ತಿ ಬಂದ್.

ಬೇಜಾರಾಗಿದ್ದು ಅಂದ್ರೆ ಕ್ಲಿನಿಕ್ಕು ಮೊದಲನೇ ಮಹಡೀಲಿದೆ, ಲಿಫ್ಟ್ ಇಲ್ಲ. ಕಾಲು ನೋವಿನವ್ರೇ ಬರೋ ಜಾಗ, ಅಪ್ಪ ಮೆಟ್ಲಲ್ಲಿ ಎರಡು ಸಲ ನಿಂತ್ರು, ದಯವಿಟ್ಟು ಕೆಳಗಡೆ ಒಂದು ರೂಮ್ ಮಾಡಿ. ರಿಪೋರ್ಟ್ ಪೂರ್ತಿ ಇಂಗ್ಲಿಷಲ್ಲಿದೆ, ಅಪ್ಪ ಓದಕ್ಕಾಗಲ್ಲ. 3 ಗಂಟೆ ಹಿಡೀತು, 2,200 ರೂಪಾಯಿ ಆಯ್ತು.

ಈಗ 9ನೇ ವಾರ. ಬೂತಿಗೆ ಹೋಗುವಾಗ 3 ಸಲ ನಿಲ್ತಿದ್ದವ್ರು ಒಂದೇ ಸಲ ನಿಲ್ತಾರೆ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಹೋಗೋರು ಸಡಿಲ ಪ್ಯಾಂಟ್ ಹಾಕ್ಕೊಂಡು ಹೋಗಿ, ಟೆಸ್ಟಿಗೆ ಮುಂಚೆ ಕಾಫಿ ಬೀಡಿ ಬೇಡ, ನಿಮ್ಮೂರಲ್ಲಿ ಬೇರೆ ಕಡೆ ಮಾಡ್ಸಿದ್ರೂ ಕಾಲ್ಬೆರಳಿನ ಪ್ರೆಶರ್ ನೋಡ್ತೀರಾ ಅಂತ ಕೇಳಿ. ಕಾಲಲ್ಲಿ ಗಾಯ ಮಾಯ್ತಿಲ್ಲ, ರಾತ್ರಿ ಮಲಗಿದಾಗ್ಲೂ ಪಾದ ನೋಯತ್ತೆ ಅಂದ್ರೆ ಅಪಾಯಿಂಟ್‌ಮೆಂಟ್ ಅಂತ ಕಾಯ್ಬೇಡಿ, ಅವತ್ತೇ ಡಾಕ್ಟರ ಹತ್ರ ಹೋಗಿ.