ಕಿತ್ತಳೆಯೋ, ಸೀಬೆಯೋ, ಜ್ಯೂಸ್ ಹಣ್ಣೋ: ವೋಡ್ಕಾಗೆ ಯಾವುದು ಸರಿಜೋಡಿ?

ರಮ್‌ಗೆ ಬೆಲ್ಲದ ವಾಸನೆ ಇದೆ, ಜಿನ್‌ಗೆ ಜೂನಿಪರ್ ಘಮ ಇದೆ. ವೋಡ್ಕಾಗೆ ತನ್ನದು ಅಂತ ಹೇಳಿಕೊಳ್ಳುವ ರುಚಿ ಹೆಚ್ಚೇನೂ ಇಲ್ಲ. ಹಾಗಾಗಿ ಹಣ್ಣಿನ ಕಾಕ್‌ಟೇಲ್ ಮಾಡುವಾಗ ಬಾಟಲಿ ಯಾವುದು ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಹಣ್ಣು ಯಾವುದು ಅಂತ ನೋಡಬೇಕು. ಹಣ್ಣು ಸಪ್ಪೆಯಾದರೆ ಗ್ಲಾಸೂ ಸಪ್ಪೆ.

ಆಲ್ದೂರು ಕಡೆಯ ನಮ್ಮ ಮನೆಯಲ್ಲಿ ಹಣ್ಣಿಗೆ ಬರವಿಲ್ಲ. ಕಾಫಿ ಗಿಡಗಳ ನಡುವೆ ಕಿತ್ತಳೆ, ಹಿತ್ತಲಲ್ಲಿ ಸೀಬೆ ಮತ್ತು ಚಕೋತ, ಬೇಲಿ ಮೇಲೆ ಹಬ್ಬಿದ ಜ್ಯೂಸ್ ಹಣ್ಣು, ಅಂದರೆ ಪ್ಯಾಷನ್ ಫ್ರೂಟ್. ಎಲ್ಲವೂ ಒಂದೇ ಸಲ ಹಣ್ಣಾಗುವುದಿಲ್ಲ ನೋಡಿ, ಅದಕ್ಕೆ ಜ್ಯೂಸ್ ಹಣ್ಣಿನ ತಿರುಳನ್ನು ಫ್ರೀಜರಿನಲ್ಲಿ ಇಟ್ಟುಕೊಂಡಿದ್ದೆ. ಉಳಿದವು ಮರದಿಂದ ಆಗಷ್ಟೇ ಕಿತ್ತವು.

ಅಳತೆ ಎಲ್ಲದಕ್ಕೂ ಒಂದೇ ಇಟ್ಟು ಶುರು ಮಾಡಿದೆ. ವೋಡ್ಕಾ 60 ಎಂಎಲ್, ಹಣ್ಣಿನ ರಸ 60, ನಿಂಬೆ ರಸ 15, ಸಕ್ಕರೆ ಪಾಕ 15. ಪಾಕ ಅಂದರೆ ಸಕ್ಕರೆ, ನೀರು ಸಮಸಮ ಹಾಕಿ ಕರಗಿಸಿ ಆರಿಸಿದ್ದು. ಶೇಕರ್ ಬೇಕೇ ಬೇಕು ಅಂತಿಲ್ಲ. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಬಾಟಲಿ ಸಾಕು. ಅರ್ಧಕ್ಕಿಂತ ಜಾಸ್ತಿ ಐಸ್ ತುಂಬಿ 12 ರಿಂದ 15 ಸೆಕೆಂಡ್ ಜೋರಾಗಿ ಕುಲುಕಬೇಕು, ಬಾಟಲಿ ಹೊರಗೆ ಮಂಜು ಕಟ್ಟುವವರೆಗೆ. ಕುಲುಕುವಾಗ ಐಸ್ ಕರಗಿ ಸುಮಾರು ಕಾಲು ಭಾಗದಷ್ಟು ನೀರು ಸೇರುತ್ತದೆ. ಆ ನೀರು ಸೇರಿದ ಮೇಲೂ ಹಣ್ಣಿನ ರುಚಿ ನಿಲ್ಲುತ್ತದಾ? ನಾನು ನೋಡಿದ್ದು ಮುಖ್ಯವಾಗಿ ಇದನ್ನೇ.

ಕಿತ್ತಳೆಯಿಂದ ಶುರು ಮಾಡೋಣ. ವೋಡ್ಕಾ ಅಂದ ತಕ್ಷಣ ಎಲ್ಲರ ಕೈ ಹೋಗುವುದು ಅದಕ್ಕೇ. ವೋಡ್ಕಾ ಮತ್ತು ಕಿತ್ತಳೆ ರಸ ಸೇರಿದರೆ ಸ್ಕ್ರೂಡ್ರೈವರ್, ಜಗತ್ತಿನ ಎಲ್ಲ ಬಾರುಗಳಲ್ಲೂ ಸಿಗುತ್ತದೆ. ಆದರೆ ಅಲ್ಲಿ ಹಾಕುವುದು ಸಿಪ್ಪೆ ಗಟ್ಟಿ ಅಂಟಿಕೊಂಡ ದೊಡ್ಡ ಕಿತ್ತಳೆಯ ರಸ. ನಮ್ಮದು ಸಿಪ್ಪೆ ಸಡಿಲ ಇರುವ ಕೊಡಗಿನ ಕಿತ್ತಳೆ. ಸುಲಿದು ತಿನ್ನಲು ಇದನ್ನು ಮೀರಿಸಿದ ಹಣ್ಣಿಲ್ಲ. ರಸ ಮಾತ್ರ ತೆಳು, ಹುಳಿ ಕಡಿಮೆ. ಐಸ್ ಜೊತೆ ಕುಲುಕಿದರೆ ಸಿಹಿ ನೀರಾಗಿ ಉಳಿಯುತ್ತದೆ, ಮೇಲೆ ವೋಡ್ಕಾದ ಖಾರ ಎದ್ದು ಕಾಣುತ್ತದೆ. ನಿಂಬೆ 25 ಎಂಎಲ್‌ಗೆ ಏರಿಸಿದರೆ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಆಗ ಕುಡಿಯುತ್ತಿರುವುದು ನಿಂಬೆ ಅಲ್ವಾ? ಇನ್ನೊಂದು ವಿಷಯ. ಈ ರಸವನ್ನು ಬೆಳಿಗ್ಗೆ ಹಿಂಡಿ ಸಂಜೆಗೆ ಇಡಬೇಡಿ. ಹಿಂಡಿದ ಮೇಲೆ ರಸದಲ್ಲಿ ಲಿಮೊನಿನ್ ಅನ್ನುವ ಅಂಶ ನಿಧಾನಕ್ಕೆ ಹುಟ್ಟುತ್ತದೆ, ಕಹಿ ಬರುವುದು ಅದರಿಂದಲೇ.

ಕಿತ್ತಳೆಯ ನಿಜವಾದ ಬಲ ಇರುವುದು ಸಿಪ್ಪೆಯಲ್ಲಿ. ಎರಡು ಬೆರಳಗಲದ ಸಿಪ್ಪೆಯನ್ನು ಗ್ಲಾಸಿನ ಮೇಲೆ ಹಿಡಿದು, ಬಣ್ಣದ ಕಡೆ ಕೆಳಗೆ ಮಾಡಿ, ಮಡಚಿ ಹಿಂಡಿ. ಲೈಟಿಗೆ ಎದುರಾಗಿ ನೋಡಿದರೆ ಎಣ್ಣೆಯ ಸಣ್ಣ ಹನಿಗಳು ಚಿಮ್ಮುವುದು ಕಾಣುತ್ತದೆ. ಆಮೇಲೆ ಅದೇ ಸಿಪ್ಪೆಯನ್ನು ಗ್ಲಾಸಿನ ಅಂಚಿಗೆ ಒಂದು ಸುತ್ತು ಉಜ್ಜಿ. ಇಡೀ ಹಣ್ಣಿನ ರಸ ಕೊಡದ ಘಮ ಆ ಒಂದು ತುಂಡು ಕೊಡುತ್ತದೆ. ಬೇರೆ ಹಣ್ಣಿನ ಕಾಕ್‌ಟೇಲಿಗೂ ಈಗ ನಾನು ಇದನ್ನೇ ಮಾಡುತ್ತೇನೆ.

ಪ್ಯಾಕೆಟ್ ಜ್ಯೂಸ್ ಬಗ್ಗೆ ಹೇಳಲು ಹೆಚ್ಚಿಲ್ಲ. ಅದರಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಪಾಕ ಬಿಟ್ಟರೂ ಸಿಹಿ ಮುಖಕ್ಕೆ ಹೊಡೆಯುತ್ತದೆ.

ಚಕೋತ ಒಳ್ಳೆಯ ಆಯ್ಕೆ, ಆದರೆ ಕೆಲಸ ಜಾಸ್ತಿ. ಚಕೋತ ಮತ್ತು ಸಿಹಿ ಕಿತ್ತಳೆಯ ಬೆರಕೆಯಿಂದ ಹುಟ್ಟಿದ್ದು ದ್ರಾಕ್ಷಿಗೊಂಚಲಿನ ಹಾಗೆ ಕಾಯಿ ಬಿಡುವ ಗ್ರೇಪ್‌ಫ್ರೂಟ್. ಅದರ ರಸಕ್ಕೆ ವೋಡ್ಕಾ ಸೇರಿಸಿ, ಅಂಚಿಗೆ ಉಪ್ಪು ಹಚ್ಚಿದರೆ ಸಾಲ್ಟಿ ಡಾಗ್. ನಮ್ಮ ಚಕೋತಕ್ಕೂ ಆ ಉಪ್ಪು ಚೆನ್ನಾಗಿ ಒಗ್ಗುತ್ತದೆ, ಕಹಿ ತಗ್ಗುತ್ತದೆ. ತೊಳೆಗಳ ಬಿಳಿ ಪೊರೆಯನ್ನು ಪೂರ್ತಿ ಬಿಡಿಸಲೇಬೇಕು. ಬೀಜದಿಂದ ಎದ್ದ ಮರವಾದರೆ ಒಂದು ಮರದ ಹಣ್ಣಿನಂತೆ ಇನ್ನೊಂದರದ್ದು ಇರುವುದಿಲ್ಲ. ಮೊದಲು ಒಂದು ತೊಳೆ ತಿಂದು ನೋಡಿ ಪಾಕದ ಅಳತೆ ತೀರ್ಮಾನಿಸಿ.

ಸೀಬೆಗೆ ಬಂದರೆ, ನಮ್ಮ ಭಾವ ಪೂರ್ತಿ ಅದರ ಪಕ್ಷ. ಒಳಗೆ ಕೆಂಪು ಇರುವ, ಚೆನ್ನಾಗಿ ಹಣ್ಣಾದ ಸೀಬೆಯನ್ನು ಸ್ವಲ್ಪ ನೀರು ಹಾಕಿ ರುಬ್ಬಿ, ಜರಡಿಯಲ್ಲಿ ಸೋಸಬೇಕು. ನಿಂಬೆ 20 ಎಂಎಲ್ ಬೇಕು. ಅಂಚಿಗೆ ಉಪ್ಪು, ಅಚ್ಚಖಾರದ ಪುಡಿ. ಮೊದಲ ಗುಟುಕಿಗೇ ಭಾವ, “ಇದು ಸ್ಕೂಲ್ ಗೇಟಲ್ಲಿ ಉಪ್ಪು ಖಾರ ಹಾಕಿ ಕೊಡ್ತಿದ್ರಲ್ಲ, ಅದೇ ಕಣೋ!” ಅಂದರು. ನಿಜ, ನಾಲಿಗೆ ಚಪ್ಪರಿಸುವ ಹಾಗಿದೆ. ಆದರೆ ರಸ ದಪ್ಪ. ಒಂದು ಗ್ಲಾಸ್ ಚೆನ್ನ, ಎರಡನೆಯದಕ್ಕೆ ಹೊಟ್ಟೆ ತುಂಬಿದಂತಾಗುತ್ತದೆ. ಆರೇಳು ಜನ ನೆಂಟರು ಬಂದಾಗ ಜಗ್ಗಿನಲ್ಲಿ ಮಾಡಿಡಲು ಮಾತ್ರ ಇದೇ ಸುಲಭ.

ನನ್ನ ಮತ ಜ್ಯೂಸ್ ಹಣ್ಣಿಗೆ, ಅದೂ ಯಾವ ಅನುಮಾನವೂ ಇಲ್ಲದೆ. ಇದರ ಹುಳಿಗೂ ಘಮಕ್ಕೂ ಐಸ್ ಏನೂ ಮಾಡಲಾಗುವುದಿಲ್ಲ. 60 ಎಂಎಲ್ ರಸ ಹಾಕಿದರೆ ಹಲ್ಲು ಚುಳುಕ್ ಅನ್ನುತ್ತದೆ, 30 ಸಾಕು. ನಿಂಬೆ ಬೇಡವೇ ಬೇಡ. ಪಾಕ 25ಕ್ಕೆ ಏರಿಸಿ. ಕುಲುಕಿ ಸುರಿದಾಗ ಮೇಲೆ ಹಳದಿ ನೊರೆ ನಿಲ್ಲುತ್ತದೆ, ಮೂಗು ಹತ್ತಿರ ತಂದರೆ ಮೊದಲು ಹಣ್ಣೇ ಸಿಗುತ್ತದೆ. ಲಂಡನ್ನಿನಲ್ಲಿ 2000ದ ದಶಕದ ಆರಂಭದಲ್ಲಿ ಡಗ್ಲಸ್ ಆಂಕ್ರಾ ಅನ್ನುವ ಬಾರ್‌ಟೆಂಡರ್ ಇದೇ ಹಣ್ಣಿಗೆ ವೆನಿಲ್ಲಾ ಘಮದ ವೋಡ್ಕಾ ಸೇರಿಸಿ ಮಾಡಿದ ಮಾರ್ಟಿನಿ ಇಂದಿಗೂ ಅಲ್ಲಿ ಹೆಸರುವಾಸಿ. ನಮಗೆ ಅದು ಬೇಲಿ ಮೇಲೇ ಬಿಡುತ್ತದೆ!

ಒಂದು ಎಚ್ಚರ. ಈ ಗ್ಲಾಸಿನಲ್ಲಿ ವೋಡ್ಕಾ ಗೊತ್ತೇ ಆಗುವುದಿಲ್ಲ, ಆದರೆ ಒಳಗಿರುವುದು ಎರಡು ಸ್ಮಾಲ್ ಪೆಗ್. ಗಾಡಿ ಓಡಿಸಿಕೊಂಡು ವಾಪಸ್ ಹೋಗುವವರಿಗೆ ವೋಡ್ಕಾ ಇಲ್ಲದೆ ಸೋಡಾ ಹಾಕಿ ಕೊಡುತ್ತೇನೆ. ಅದೂ ಅಷ್ಟೇ ಚೆನ್ನಾಗಿರುತ್ತದೆ.

ಜ್ಯೂಸ್ ಹಣ್ಣು ಆರಿಸುವಾಗ ನುಣ್ಣಗೆ ಹೊಳೆಯುವುದನ್ನು ಬಿಟ್ಟು, ಸಿಪ್ಪೆ ಸುಕ್ಕುಗಟ್ಟಿದ್ದು, ಕೈಯಲ್ಲಿ ಭಾರ ಅನ್ನಿಸುವುದನ್ನು ತೆಗೆದುಕೊಳ್ಳಿ. ತಿರುಳನ್ನು ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದು ಬಾಯಿಗೆ ತರಿತರಿ ಸಿಗುತ್ತದೆ. ಜರಡಿ ಮೇಲೆ ಹಾಕಿ ಚಮಚದಲ್ಲಿ ಒತ್ತಿ. ರಸವನ್ನು ಐಸ್ ಟ್ರೇಯಲ್ಲಿ ಹೆಪ್ಪುಗಟ್ಟಿಸಿ, ಆಮೇಲೆ ಡಬ್ಬಿಗೆ ಹಾಕಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಮನೆಯ ಟ್ರೇಯ ಒಂದು ಕುಳಿಗೆ ಎಷ್ಟು ಎಂಎಲ್ ಹಿಡಿಯುತ್ತದೆ ಅಂತ ಒಮ್ಮೆ ಅಳೆದಿಟ್ಟುಕೊಂಡರೆ, ಆಮೇಲೆ ಗ್ಲಾಸಿಗೆ ಎಷ್ಟು ತುಂಡು ಅಂತ ಎಣಿಸಿ ಹಾಕಿದರಾಯಿತು.