ಸ್ಟಾರ್ಟ್ ಮಾಡಿದಾಗ ಇಂಜಿನ್ ರೇಸ್ ಆಗುತ್ತಿದೆಯೇ? ಐಡಲ್ ಸ್ಕ್ರೂ ಮುಟ್ಟಲು ಬಿಡಬೇಡಿ

ಹಳೇ ಪೆಟ್ರೋಲ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ಟಾರ್ಟ್ ಮಾಡಿದ ಕೂಡಲೇ ಇಂಜಿನ್ ರೇಸ್ ಆಗುತ್ತದೆ ಎಂಬ ಒಂದೇ ದೂರು ಹೇಳಿಕೊಂಡು ನಾನು ಗ್ಯಾರೇಜಿಗೆ ಹೋಗಿದ್ದೆ. ಆರು ವಾರ ಕಳೆಯುವಷ್ಟರಲ್ಲಿ ಇಂಜಿನ್ನಿನ ಹೆಡ್ (ಮೇಲ್ಭಾಗ) ಇಳಿಸಬೇಕಾಯಿತು. ಮೂಲ ದೋಷ ಇದ್ದದ್ದು ರೇಡಿಯೇಟರ್ ಮುಚ್ಚಳದ ಒಳಗಿನ ರಬ್ಬರ್ ವಾಷರಿನಲ್ಲಿ.

ತಣ್ಣಗಿರುವ ಇಂಜಿನ್ ಶುರುವಾದಾಗ ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಏರುವುದು ಸಹಜವೇ. ತಣ್ಣನೆಯ ಇಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಆಯಿಲೂ ಮಂದವಾಗಿರುತ್ತದೆ. ಅದಕ್ಕೇ ಗಾಳಿ ಮತ್ತು ಇಂಧನ ಎರಡನ್ನೂ ಹೆಚ್ಚು ಕೊಟ್ಟು ಓಡಿಸುತ್ತಾರೆ. ಸಾಮಾನ್ಯವಾಗಿ 1,200ರಿಂದ 1,500ರವರೆಗೆ, ಕೆಲವು ಕಾರುಗಳಲ್ಲಿ ಇನ್ನೂ ಸ್ವಲ್ಪ ಮೇಲೆ ಹೋಗಿ, ಬಿಸಿಯೇರಿದ ಹಾಗೆ ನಿಧಾನವಾಗಿ ಇಳಿದು 700–900ರ ಸುಮಾರಿಗೆ ನಿಲ್ಲಬೇಕು. ನನ್ನ ಕಾರು 2,200ಕ್ಕೆ ಜಿಗಿಯುತ್ತಿತ್ತು, ಹತ್ತು ನಿಮಿಷ ಓಡಿಸಿದ ಮೇಲೂ 1,800ರಿಂದ ಕೆಳಗೆ ಬರುತ್ತಿರಲಿಲ್ಲ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಗಾಡಿ ತಾನಾಗಿ ಮುಂದಕ್ಕೆ ಎಳೆಯುತ್ತಿತ್ತು. ಕೆಲವು ದಿನ ಕಳೆದ ಮೇಲೆ ಆರ್‌ಪಿಎಂ ಮುಳ್ಳು ಒಂದೇ ಸಮನೆ ಮೇಲೆ ಕೆಳಗೆ ಆಡತೊಡಗಿತು. ಪೆಡಲ್ ಬಿಟ್ಟಿದ್ದರೂ ಇಂಜಿನ್ ಜೋರಾಗಿ ತಿರುಗುತ್ತಿದ್ದರೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸುತ್ತದೆ, ವೇಗ ಬಿದ್ದರೆ ಮತ್ತೆ ಕೊಡುತ್ತದೆ, ಮತ್ತೆ ಏರುತ್ತದೆ. ಆ ಆಟದ ಕಾರಣ ಇದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಎರಡು ನಿಮಿಷವೂ ಆಗಿರಲಿಲ್ಲ, ಸ್ಕ್ರೂಡ್ರೈವರ್ ಹೊರಗೆ ಬಂತು. ಇಂಜಿನ್ನಿಗೆ ಹೋಗುವ ಗಾಳಿ ನಿಯಂತ್ರಿಸುವ ಥ್ರಾಟಲ್ ಬಾಡಿಯಲ್ಲಿ, ಐಡ್ಲಿಂಗ್ (ಪೆಡಲ್ ಒತ್ತದಿದ್ದಾಗಿನ ಇಂಜಿನ್ ವೇಗ) ಹೊಂದಿಸುವ ಐಡಲ್ ಸ್ಕ್ರೂ ಮೇಲೆ ಹಳದಿ ಬಣ್ಣದ ಗುರುತು ಇತ್ತು. ತಿರುಗಿಸಿದಾಗ ಆ ಬಣ್ಣ ಚಕ್ಕೆ ಎದ್ದು ಬಿತ್ತು. ಮುಳ್ಳು 800ಕ್ಕೆ ಇಳಿಯಿತು. "ಐಡ್ಲಿಂಗ್ ಜಾಸ್ತಿ ಇತ್ತು ಸಾರ್, ಸೆಟ್ ಮಾಡಿದೀನಿ" ಎಂದರು. ಯಾಕೆ ಜಾಸ್ತಿಯಾಗಿತ್ತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಪ್ರಶ್ನೆಯನ್ನು ಅಂದೇ ಕೇಳಿದ್ದರೆ ಮುಂದಿನದ್ದು ಯಾವುದೂ ಆಗುತ್ತಿರಲಿಲ್ಲ.

ಎರಡೇ ದಿನಕ್ಕೆ ಹೊಸ ತೊಂದರೆ. ಕೆಲವೊಮ್ಮೆ ಸಿಗ್ನಲ್ಲಿನಲ್ಲಿ ಇಂಜಿನ್ ಆಫ್ ಆಗುತ್ತಿತ್ತು, ಕೆಲವೊಮ್ಮೆ ಮೊದಲಿನ ಹಾಗೇ ರೇಸ್ ಆಗುತ್ತಿತ್ತು. ಮತ್ತೆ ಹೋದೆ. ಐಡಲ್ ಕಂಟ್ರೋಲ್ ವಾಲ್ವ್ ಹೋಗಿದೆ ಎಂದು ಬದಲಾಯಿಸಿದರು. ಏನೂ ಪ್ರಯೋಜನವಾಗಲಿಲ್ಲ. ಮೂರನೇ ಸಲ ಇಸಿಯು ಬದಲಾಯಿಸಬೇಕು ಎಂದರು.

ಇಷ್ಟರಲ್ಲಿ ಕಾರು ಬೇರೆ ಬಗೆಯಲ್ಲಿ ನನಗೆ ಹೇಳುತ್ತಲೇ ಇತ್ತು. ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡಿನ ಹಿಂದೆ ಪೈಪಿನಲ್ಲಿ ನೀರು ಹರಿದಂತೆ ಗುಳುಗುಳು ಸದ್ದು. ಹೀಟರ್ ಹಾಕಿದರೆ ಒಮ್ಮೆ ಬಿಸಿ ಗಾಳಿ, ಒಮ್ಮೆ ತಣ್ಣನೆ ಗಾಳಿ. ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾಗಿದೆಯೇ ಎಂದು ಪ್ಲಾಸ್ಟಿಕ್ ಟ್ಯಾಂಕ್ ನೋಡಿದೆ. ಮೇಲಿನ ಗೆರೆಯನ್ನೂ ದಾಟಿ ತುಂಬಿತ್ತು. ಸದ್ಯ, ಅದಾದರೂ ಸರಿಯಿದೆ ಎಂದುಕೊಂಡೆ. ಟೆಂಪರೇಚರ್ ಮುಳ್ಳು ಕೂಡ ಮಧ್ಯಕ್ಕಿಂತ ಕೆಳಗೇ ಇತ್ತು.

ಒಂದು ದಿನ ಉದ್ದನೆಯ ಏರು ಹತ್ತುವಾಗ ಇಂಜಿನ್ನಿನ ಎಳೆತ ಸತ್ತುಹೋಯಿತು. ಟೆಂಪರೇಚರ್ ಮುಳ್ಳು ಮೇಲೆ ಹೋಗುವ ಬದಲು ಕೆಳಗೆ ಬಿತ್ತು, ಬಾನೆಟ್ಟಿನ ಅಂಚಿನಿಂದ ಆವಿ ಬಂತು. ಬದಿಗೆ ನಿಲ್ಲಿಸಿ ಆಫ್ ಮಾಡುವಷ್ಟರಲ್ಲಿ ಅಲ್ಯೂಮಿನಿಯಂ ಹೆಡ್ ಬಾಗಿ, ಅದರಡಿಯ ಸೀಲಾದ ಗ್ಯಾಸ್ಕೆಟ್ ಹೋಗಿತ್ತು. ಮುಳ್ಳಿಗೆ ಸಂಕೇತ ಕೊಡುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ಮಾತ್ರ ನಿಜ ಹೇಳುತ್ತದೆ. ಕೂಲೆಂಟ್ ಅದರ ಮಟ್ಟಕ್ಕಿಂತ ಕೆಳಗಿಳಿದು ಅಲ್ಲಿ ಬರೀ ಗಾಳಿ ಇದ್ದರೆ, ಇಂಜಿನ್ ಬೇಯುತ್ತಿದ್ದರೂ ಮುಳ್ಳು ತಣ್ಣಗಿದೆ ಎನ್ನುತ್ತದೆ.

ಕಾರನ್ನು ಎಳೆದುಕೊಂಡು ಹೋದದ್ದು ಬೇರೆ ಗ್ಯಾರೇಜಿಗೆ. ಅಲ್ಲಿನ ಹಿರಿಯ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸ, ಪೂರ್ತಿ ತಣ್ಣಗಾಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು ಬಾಯಿಗೆ ಬೆರಳು ಹಾಕಿದ್ದು. ಬೆರಳು ಒಣಗಿಯೇ ಹೊರಗೆ ಬಂತು. ಮುಚ್ಚಳ ತಿರುಗಿಸಿ ನನಗೆ ತೋರಿಸಿದರು: ರಬ್ಬರ್ ವಾಷರ್ ಕಲ್ಲಿನ ಹಾಗೆ ಗಟ್ಟಿಯಾಗಿ, ಅಂಚಿನಲ್ಲಿ ಸೀಳು ಬಿಟ್ಟಿತ್ತು. ಇಂಜಿನ್ ಬಿಸಿಯಾದಾಗ ಹಿಗ್ಗಿದ ಕೂಲೆಂಟ್ ಟ್ಯಾಂಕಿಗೆ ಹೋಗುತ್ತದೆ, ತಣ್ಣಗಾದಾಗ ರೇಡಿಯೇಟರ್ ಅದನ್ನು ವಾಪಸ್ ಎಳೆದುಕೊಳ್ಳಬೇಕು. ವಾಷರ್ ಕೆಟ್ಟರೆ ಕೂಲೆಂಟಿನ ಬದಲು ಗಾಳಿ ಒಳಗೆ ಬರುತ್ತದೆ. ದಿನವೂ ಸ್ವಲ್ಪ ಸ್ವಲ್ಪವಾಗಿ ಟ್ಯಾಂಕ್ ತುಂಬುತ್ತಾ, ರೇಡಿಯೇಟರ್ ಖಾಲಿಯಾಗುತ್ತಾ ಹೋಗಿತ್ತು.

ಇದಕ್ಕೂ ಐಡ್ಲಿಂಗಿಗೂ ಏನು ಸಂಬಂಧ ಎಂದು ಕೇಳಿದೆ. ಥ್ರಾಟಲ್ ಬಾಡಿಯ ಅಡಿಯಲ್ಲಿದ್ದ ಒಂದು ಪುಟ್ಟ ವಾಲ್ವ್ ತೋರಿಸಿದರು. ಅದರೊಳಗೆ ಮೇಣದ ಗುಳಿಗೆ ಇರುತ್ತದೆ. ಪಕ್ಕದಲ್ಲೇ ಕೂಲೆಂಟ್ ಹರಿಯುತ್ತದೆ. ತಣ್ಣಗಿದ್ದಾಗ ವಾಲ್ವ್ ತೆರೆದಿದ್ದು ಹೆಚ್ಚುವರಿ ಗಾಳಿ ಬಿಡುತ್ತದೆ. ಕೂಲೆಂಟ್ ಬಿಸಿಯಾದರೆ ಮೇಣ ಕರಗಿ, ಹಿಗ್ಗಿ, ಕಡ್ಡಿಯನ್ನು ತಳ್ಳಿ ಗಾಳಿಯ ದಾರಿ ಮುಚ್ಚುತ್ತದೆ. ಇಂಜಿನ್ನಿನ ಎತ್ತರದ ಜಾಗಗಳಲ್ಲಿ ಇದೂ ಒಂದು, ಹಾಗಾಗಿ ಕೂಲೆಂಟ್ ಕಡಿಮೆಯಾದರೆ ಗಾಳಿ ಬಂದು ನಿಲ್ಲುವುದು ಇಲ್ಲೇ. ಬಿಸಿ ತಲುಪದಿದ್ದರೆ ವಾಲ್ವ್ ಮುಚ್ಚುವುದೇ ಇಲ್ಲ. ನನ್ನ ಕಾರಿನ ಐಡ್ಲಿಂಗ್ ಕೂಲೆಂಟ್ ಇಲ್ಲ ಎಂದು ಕೂಗಿ ಹೇಳುತ್ತಿತ್ತು. ಸ್ಕ್ರೂ ತಿರುಗಿಸಿ ಅದರ ಬಾಯಿ ಮುಚ್ಚಿಸಿದ್ದೆವು.

ಹೆಡ್ ಕೆಲಸ ಮುಗಿದ ಮೇಲೆ ಅವರು ಕಲಿಸಿದ ಒಂದು ಪರೀಕ್ಷೆ: ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಏರ್ ಫಿಲ್ಟರಿನಿಂದ ಬರುವ ದಪ್ಪ ಪೈಪು ಬಿಚ್ಚಿ, ಥ್ರಾಟಲ್ ಬಾಯಿಯ ಬಳಿ ಈ ವಾಲ್ವಿನ ಸಣ್ಣ ತೂತಿನ ಮೇಲೆ ಬೆರಳಿಡಬೇಕು. ಬೆರಳನ್ನು ಜೋರಾಗಿ ಹೀರಿಕೊಂಡು ಆರ್‌ಪಿಎಂ ಬಿದ್ದರೆ ವಾಲ್ವ್ ಇನ್ನೂ ತೆರೆದೇ ಇದೆ ಎಂದರ್ಥ. ಎಲ್ಲ ಕಾರುಗಳಲ್ಲೂ ಈ ವಾಲ್ವ್ ಇರುವುದಿಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ಅಲ್ಲಿ ಬೆರಳು ಹಾಕಲೇಬೇಡಿ, ತಟ್ಟೆ ತಾನಾಗಿ ಮುಚ್ಚಿಕೊಂಡು ಬೆರಳು ಸಿಕ್ಕಿಕೊಳ್ಳಬಹುದು.

ಕೂಲೆಂಟ್ ಸರಿಯಿದ್ದೂ ರೇಸ್ ಆಗುತ್ತಿದ್ದರೆ ಮುಂದಿನ ಅನುಮಾನ ಇಸಿಯುಗೆ ಬಿಸಿ ತಿಳಿಸುವ ಸೆನ್ಸರ್ ಮೇಲೆ. ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಹಾಕಿಸಿ. ಕೂಲೆಂಟಿನ ಬಿಸಿ ಮತ್ತು ಒಳಬರುವ ಗಾಳಿಯ ಬಿಸಿ ಹೆಚ್ಚುಕಡಿಮೆ ಒಂದೇ ಇರಬೇಕು. ಸೆನ್ಸರಿನ ವಿದ್ಯುತ್ ರೋಧವನ್ನು ಮಲ್ಟಿಮೀಟರಿನಲ್ಲಿ ನೋಡುವುದಾದರೆ ಬಹುತೇಕ ಸೆನ್ಸರುಗಳು 20 ಡಿಗ್ರಿಯಲ್ಲಿ 2,000–3,000 ಓಮ್, 80 ಡಿಗ್ರಿಯಲ್ಲಿ 200–400 ಓಮ್ ತೋರಿಸುತ್ತವೆ. ಥರ್ಮೋಸ್ಟಾಟ್ (ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ವಾಲ್ವ್) ತೆರೆದೇ ಸಿಕ್ಕಿಕೊಂಡಿದ್ದರೆ ಇಂಜಿನ್ ಬಿಸಿಯೇರಲು ತುಂಬಾ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಐಡ್ಲಿಂಗ್ ಮೇಲೇ ಇರುತ್ತದೆ. ಆಮೇಲೆ ಇಂಜಿನ್ನಿನ ಹೀರುವಿಕೆ ಸಾಗುವ ವ್ಯಾಕ್ಯೂಮ್ ಪೈಪುಗಳು, ಸೀಳಿದರೆ ಅಲ್ಲಿಂದಲೂ ಹೆಚ್ಚುವರಿ ಗಾಳಿ ಒಳಗೆ ಹೋಗುತ್ತದೆ. ಹಳೇ ರಬ್ಬರ್ ಮೇಲಿನಿಂದ ಚೆನ್ನಾಗಿ ಕಂಡರೂ ಅಡಿಭಾಗದಲ್ಲಿ ಸೀಳಿರುತ್ತದೆ. ಬ್ರೇಕ್ ಬೂಸ್ಟರಿನ ಪೈಪನ್ನು ಮರೆಯಬೇಡಿ. ಬಟ್ಟೆ ಸುತ್ತಿದ ಇಕ್ಕಳದಿಂದ ಒಂದೊಂದನ್ನೇ ಒತ್ತಿ ಹಿಡಿದು, ಯಾವುದಕ್ಕೆ ಆರ್‌ಪಿಎಂ ಇಳಿಯುತ್ತದೆ ನೋಡಬಹುದು. ಸೋರುವ ಜಾಗ ಹುಡುಕಲು ಕೆಲವರು ಓಡುತ್ತಿರುವ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸುತ್ತಾರೆ. ಬಿಸಿ ಇಂಜಿನ್ ಮೇಲೆ ಅದು ಭಗ್ಗನೆ ಹೊತ್ತಿಕೊಳ್ಳಬಲ್ಲದು. ಹೊಗೆ ಬಿಟ್ಟು ನೋಡುವ ಯಂತ್ರ ಇರುವ ಗ್ಯಾರೇಜಿಗೆ ಹೋಗಿ. ಆಕ್ಸಿಲರೇಟರ್ ಕೇಬಲ್ ತೀರಾ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ, ಅದನ್ನು ನೋಡಲು ಒಂದು ನಿಮಿಷ ಸಾಕು.

ರೇಡಿಯೇಟರ್ ಮುಚ್ಚಳವನ್ನು ಇಂಜಿನ್ ಬಿಸಿ ಇರುವಾಗ ಯಾವ ಕಾರಣಕ್ಕೂ ತೆಗೆಯಬೇಡಿ, ಕುದಿಯುವ ಕೂಲೆಂಟ್ ಮುಖಕ್ಕೇ ಚಿಮ್ಮುತ್ತದೆ. ತಣ್ಣಗಿದ್ದಾಗ ತೆಗೆದು ನೋಡಿ, ಬಾಯಿಯವರೆಗೂ ತುಂಬಿರಬೇಕು. ಕಡಿಮೆಯಿದ್ದರೆ ಸರಿಯಾದ ಕೂಲೆಂಟ್ ತುಂಬಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಗಾಳಿ ಬಿಡುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ ಗುಳ್ಳೆಗಳೆಲ್ಲ ಹೋಗುವಂತೆ ಮಾಡಿಸಿ. ಯಾಕೆ ಕಡಿಮೆಯಾಯಿತು ಎಂಬುದನ್ನೂ ಹುಡುಕಿಸಿ.

ನಿಮ್ಮ ಕಾರಿನ ಐಡಲ್ ಸ್ಕ್ರೂ ಈಗಾಗಲೇ ಯಾರಾದರೂ ತಿರುಗಿಸಿದ್ದರೆ, ಮೊದಲು ಮೂಲ ದೋಷ ಸರಿಮಾಡಿಸಿ, ನಂತರ ಆ ಮಾಡೆಲ್‌ನ ಸರ್ವಿಸ್ ಪುಸ್ತಕದಲ್ಲಿ ಹೇಳಿದ ಕ್ರಮದಲ್ಲೇ ಮತ್ತೆ ಹೊಂದಿಸಿ: ಇಂಜಿನ್ ಪೂರ್ತಿ ಬಿಸಿಯಾಗಿ ರೇಡಿಯೇಟರ್ ಫ್ಯಾನ್ ಒಮ್ಮೆ ತಿರುಗಿ ನಿಂತಿರಬೇಕು, ಎಸಿ ಮತ್ತು ಲೈಟುಗಳು ಆಫ್ ಆಗಿರಬೇಕು. ನನ್ನದು ಈಗ ಬೆಳಿಗ್ಗೆ 1,400ಕ್ಕೆ ಏರಿ, ಬಿಸಿಯಾದ ಹಾಗೆ 750ಕ್ಕೆ ಬಂದು ನಿಲ್ಲುತ್ತದೆ.